ಪೆಟ್ರೋಲ್ ಬೆಲೆ ಕಟ್ಟುವುದು ಕೊನೆಯ ಲೀಟರ್

ಕಚ್ಚಾ ತೈಲಕ್ಕೆ ಇಡೀ ಜಗತ್ತಿನಲ್ಲಿ ಹೆಚ್ಚುಕಮ್ಮಿ ಒಂದೇ ಮಾರುಕಟ್ಟೆ. ಲಂಡನ್‌ನಲ್ಲಿ ಬ್ರೆಂಟ್, ಅಂದರೆ ಜಗತ್ತು ಮಾನದಂಡವಾಗಿ ನೋಡುವ ಕಚ್ಚಾ ತೈಲದ ಬೆಲೆ, ಏರಿದರೆ ಸಿಂಗಪುರದಲ್ಲೂ ಏರುತ್ತದೆ, ಹ್ಯೂಸ್ಟನ್‌ನಲ್ಲೂ ಏರುತ್ತದೆ. ಆದರೆ ಅದೇ ತೈಲದಿಂದ ತೆಗೆದ ಪೆಟ್ರೋಲಿಗೆ ಒಂದು ರಾಜ್ಯದಲ್ಲಿ ಒಂದು ರೇಟು, ಗಡಿ ದಾಟಿದರೆ ಇನ್ನೊಂದು ರೇಟು. ಯಾಕೆ ಅಂತ ಕೇಳಿದರೆ ತಕ್ಷಣ ಎರಡು ಉತ್ತರ ಸಿಗುತ್ತವೆ. "ಎಲ್ಲಾ ತೆರಿಗೆ ಕಣ್ರೀ" ಅನ್ನುವವರು ಒಂದು ಕಡೆ, "ಕಂಪನಿಗಳು ದೋಚ್ತಾ ಇವೆ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ಸತ್ಯ ಇದೆ. ಆದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ, ಅದೇ ನನಗೆ ಬೇಸರ. ನಿಜವಾಗಿ ತಿಳಿದುಕೊಳ್ಳಬೇಕಾದ್ದು ಅದರಾಚೆಗೆ ಇದೆ.

ನಾನು ಹೇಳಬೇಕು ಅಂದುಕೊಂಡಿರುವುದು ಇದು: ಒಂದು ಜಾಗದ ಪೆಟ್ರೋಲ್ ಬೆಲೆಯನ್ನು ಕಟ್ಟುವುದು ಅಲ್ಲಿಗೆ ಎಲ್ಲಕ್ಕಿಂತ ಅಗ್ಗವಾಗಿ ಬರುವ ಲೀಟರ್ ಅಲ್ಲ. ಅಲ್ಲಿನ ಬೇಡಿಕೆ ಪೂರ್ತಿ ತುಂಬಬೇಕಾದರೆ ಕೊನೆಗೆ ತರಿಸಲೇಬೇಕಾದ ಲೀಟರ್. ಅದು ಎಲ್ಲಿಂದ ಬರುತ್ತದೆ, ಪೈಪಿನಲ್ಲೋ ಹಡಗಿನಲ್ಲೋ ಟ್ಯಾಂಕರಿನಲ್ಲೋ, ದಾರಿಯಲ್ಲಿ ಯಾವ ಕಾನೂನು ದಾಟಬೇಕು, ಯಾವ ಗುಣಮಟ್ಟಕ್ಕೆ ಹೊಂದಬೇಕು, ಇಷ್ಟು ಗೊತ್ತಾದರೆ ಆ ಜಾಗದ ಬೆಲೆಯ ಗುಟ್ಟು ಬಹುಪಾಲು ಬಿಡಿಸಿದ ಹಾಗೆ.

ಉದಾಹರಣೆಗೆ ಅಮೆರಿಕವನ್ನೇ ಜಾಸ್ತಿ ತೆಗೆದುಕೊಳ್ಳುತ್ತೇನೆ. ಒಂದೇ ದೇಶ, ಒಂದೇ ಹಣ, 50 ರಾಜ್ಯ. ಬೆಲೆಯಲ್ಲಿ ವ್ಯತ್ಯಾಸ ಮಾತ್ರ ದೊಡ್ಡದು. ಹಾಗಾಗಿ ಯಾವ ಕಾರಣ ಎಷ್ಟು ಅಂತ ಬಿಡಿಸಿ ನೋಡಲು ಅಲ್ಲಿ ಸುಲಭ.

ತೆರಿಗೆಯನ್ನು ಮೊದಲು ನೋಡಿಬಿಡೋಣ. ಅಮೆರಿಕದ ಕೇಂದ್ರ ಸರ್ಕಾರ ಒಂದು ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್ ತೆರಿಗೆ ಹಾಕುತ್ತದೆ. ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. 1993ರಲ್ಲಿ ನಿಗದಿಯಾದ ದರ ಇವತ್ತಿಗೂ ಅಷ್ಟೇ. ಅದು ಎಲ್ಲ ರಾಜ್ಯಕ್ಕೂ ಒಂದೇ ಆದ್ದರಿಂದ ರಾಜ್ಯ ರಾಜ್ಯಗಳ ನಡುವಿನ ವ್ಯತ್ಯಾಸ ಅದರಿಂದ ಬರುವುದಿಲ್ಲ. ವ್ಯತ್ಯಾಸ ತರುವುದು ರಾಜ್ಯಗಳ ತೆರಿಗೆ. ಅಲಾಸ್ಕಾದಲ್ಲಿ ಗ್ಯಾಲನ್‌ಗೆ 9 ಸೆಂಟ್ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ 60 ಸೆಂಟ್ ಆಸುಪಾಸು, ಅದೂ ಪ್ರತಿ ಜುಲೈ 1ಕ್ಕೆ ಹಣದುಬ್ಬರ ನೋಡಿ ಏರಿಸುತ್ತಾರೆ. ನ್ಯೂಜೆರ್ಸಿ ಬಹಳ ವರ್ಷ ಕಡಿಮೆ ತೆರಿಗೆಯ ರಾಜ್ಯ ಅಂತಲೇ ಹೆಸರಾಗಿತ್ತು. 2016ರ ನವೆಂಬರ್‌ನಲ್ಲಿ ಒಂದೇ ಏಟಿಗೆ 23 ಸೆಂಟ್ ಏರಿಸಿದರು. ಪಕ್ಕದ ರಾಜ್ಯದವರು ಗಡಿ ದಾಟಿ ಬಂದು ಟ್ಯಾಂಕ್ ತುಂಬಿಸುವುದಕ್ಕೆ ಇದ್ದ ಆಸೆಯೂ ಅಷ್ಟು ತಗ್ಗಿತು.

ದೇಶ ದೇಶಗಳ ನಡುವೆ ಅಂತೂ ತೆರಿಗೆಯೇ ದೊಡ್ಡ ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಪೆಟ್ರೋಲಿನ ಮೇಲಿನ ಅಬಕಾರಿ ಸುಂಕಕ್ಕೆ ಒಂದು ಕೆಳಮಿತಿ ಇದೆ, ಲೀಟರ್‌ಗೆ 35.9 ಯೂರೋ ಸೆಂಟ್. ಅದರ ಮೇಲೆ ಎಷ್ಟು ಬೇಕಾದರೂ ಹಾಕಬಹುದು, ನೆದರ್ಲೆಂಡ್ಸ್‌ನಂಥ ದೇಶಗಳು ಹಾಕುತ್ತವೆ. ಇದೆಲ್ಲ ಸೇರಿದ ಮೊತ್ತದ ಮೇಲೆ ಮತ್ತೆ ವ್ಯಾಟ್. ಅಂದರೆ ತೆರಿಗೆಯ ಮೇಲೂ ತೆರಿಗೆ. ಹಂಗೇರಿಯಲ್ಲಿ ವ್ಯಾಟ್ ಶೇ 27, ಲಕ್ಸೆಂಬರ್ಗ್‌ನಲ್ಲಿ ಶೇ 17. ಪುಟ್ಟ ಲಕ್ಸೆಂಬರ್ಗ್‌ನ ಗಡಿಯಲ್ಲಿ ಬಂಕ್‌ಗಳು ಸಾಲುಗಟ್ಟಿ ನಿಂತಿರುವುದು ಸುಮ್ನೆ ಅಲ್ಲ. ಜರ್ಮನಿ, ಫ್ರಾನ್ಸ್, ಬೆಲ್ಜಿಯಂನವರು ಅಲ್ಲಿಗೆ ಬಂದು ತುಂಬಿಸಿಕೊಂಡು ಹೋಗುತ್ತಾರೆ.

ತೈಲ ಬಾವಿ ಇರುವ ದೇಶದಲ್ಲಿ ಪೆಟ್ರೋಲ್ ಅಗ್ಗ ಇರಲೇಬೇಕು ಅನ್ನುವ ನಂಬಿಕೆಯೂ ಇದೆ ಅಲ್ವಾ? ನಾರ್ವೆ ನೋಡಿ. ಯುರೋಪಿನ ದೊಡ್ಡ ತೈಲ ಉತ್ಪಾದಕ ದೇಶ, ಬಂಕ್ ಬೆಲೆ ಮಾತ್ರ ಜಗತ್ತಿನ ದುಬಾರಿ ಸಾಲಿನಲ್ಲಿ. ಬಾವಿಯಿಂದ ಬಂದ ಲಾಭವನ್ನು ಅವರು ನಿಧಿಯಾಗಿ ಕೂಡಿಡುತ್ತಾರೆ, ಬಂಕಿನಲ್ಲಿ ಹಂಚುವುದಿಲ್ಲ. ವೆನೆಜುವೆಲಾ, ಇರಾನ್ ಇದಕ್ಕೆ ನೇರ ಉಲ್ಟಾ ದಾರಿ ಹಿಡಿದವು. ಬೆಲೆಯನ್ನು ಕೃತಕವಾಗಿ ತಗ್ಗಿಸಿಟ್ಟರೆ ಆಮೇಲೆ ಅದನ್ನು ಎತ್ತುವುದು ಎಷ್ಟು ಕಷ್ಟ ಅನ್ನುವುದಕ್ಕೆ ಎರಡೂ ದೇಶ ರಕ್ತದ ಬೆಲೆ ಕೊಟ್ಟಿವೆ. 1989ರ ಫೆಬ್ರವರಿಯಲ್ಲಿ ವೆನೆಜುವೆಲಾ ಪೆಟ್ರೋಲ್ ದರ ಏರಿಸಿತು, ಬಸ್ ದರ ಏರಿತು, ಕಾರಾಕಾಸ್‌ನಲ್ಲಿ ದಂಗೆ ಎದ್ದಿತು, ನೂರಾರು ಜನ ಸತ್ತರು. 2019ರ ನವೆಂಬರ್‌ನಲ್ಲಿ ಇರಾನ್ ತಿಂಗಳ ಮೊದಲ 60 ಲೀಟರ್‌ಗೆ ದರವನ್ನು ಒಂದೂವರೆ ಪಟ್ಟು ಮಾಡಿತು, ಅದಕ್ಕಿಂತ ಜಾಸ್ತಿ ಬೇಕಾದವರಿಗೆ ಮೂರು ಪಟ್ಟು. ಅಲ್ಲೂ ಜನ ಬೀದಿಗಿಳಿದರು, ಅಲ್ಲೂ ಹೆಣ ಬಿದ್ದವು. ನೈಜೀರಿಯಾ ವರ್ಷಗಟ್ಟಲೆ ಸಬ್ಸಿಡಿ ಕೊಟ್ಟು ತಗ್ಗಿಸಿಟ್ಟ ಪೆಟ್ರೋಲ್ ಪಕ್ಕದ ಬೆನಿನ್ ದೇಶಕ್ಕೆ ಕಳ್ಳದಾರಿಯಲ್ಲಿ ಹರಿಯುತ್ತಿತ್ತು, ಅಲ್ಲಿ ರಸ್ತೆಬದಿಯಲ್ಲಿ ಬಾಟಲಿ, ಜಾಡಿಗಳಲ್ಲಿ ಮಾರುತ್ತಿದ್ದರು. 2023ರಲ್ಲಿ ನೈಜೀರಿಯಾ ಸಬ್ಸಿಡಿ ತೆಗೆದ ಮೇಲೆ ಎರಡೂ ದೇಶದ ಬಡವರಿಗೆ ಏಟು ಬಿತ್ತು. ಅಗ್ಗದ ಪೆಟ್ರೋಲ್ ಅಂದ ಕೂಡಲೇ ಖುಷಿಪಡಲು ನನಗೆ ಮನಸ್ಸಾಗದಿರುವುದು ಈ ಕಾರಣಕ್ಕೇ.

ಈಗ ತೆರಿಗೆಯನ್ನು ಕಳೆದು ನೋಡಿ. ಅಲಾಸ್ಕಾದಲ್ಲಿ ತೈಲ ಬಾವಿಗಳಿವೆ, ರಾಜ್ಯದ ತೆರಿಗೆ ದೇಶದಲ್ಲೇ ಬಹಳ ಕಡಿಮೆ. ಆದರೂ ಅಲ್ಲಿನ ಬಂಕ್ ಬೆಲೆ ದೇಶದ ಸರಾಸರಿಗಿಂತ ಜಾಸ್ತಿ. ತೆರಿಗೆ ಒಂದೇ ಕಾರಣ ಆಗಿದ್ದರೆ ಇದು ಆಗಬಾರದಿತ್ತು. ಅಲ್ಲಿ ಜನ ಕಡಿಮೆ, ಕಚ್ಚಾ ತೈಲದಿಂದ ಪೆಟ್ರೋಲ್ ತೆಗೆಯುವ ರಿಫೈನರಿಗಳು ಬೆರಳೆಣಿಕೆಯಷ್ಟು, ದೂರ ಬಹಳ, ಎಷ್ಟೋ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಕೆಲವು ಊರಿಗೆ ಬೇಸಿಗೆಯಲ್ಲಿ ನದಿಯ ಮಂಜು ಕರಗಿದ ಮೇಲೆ ದೋಣಿಯಲ್ಲಿ ಬರಬೇಕು, ಇಲ್ಲವೇ ವಿಮಾನದಲ್ಲಿ. ಕಚ್ಚಾ ತೈಲ ಪಕ್ಕದಲ್ಲೇ ಚಿಮ್ಮುತ್ತಿದ್ದರೂ ಆ ಹಳ್ಳಿಯವರ ಜೇಬಿಗೆ ಅದರಿಂದ ಲಾಭ ಇಲ್ಲ.

ಕೊನೆಯ ಲೀಟರ್ ಅಂತ ಹೇಳಿದೆನಲ್ಲ, ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ 2011ರದ್ದು. ಒಕ್ಲಹೋಮಾ ರಾಜ್ಯದಲ್ಲಿ ಕುಶಿಂಗ್ ಅಂತ ಒಂದು ಸಣ್ಣ ಪಟ್ಟಣ. ಅಮೆರಿಕದ ಕಚ್ಚಾ ತೈಲದ ಮಾನದಂಡ ಬೆಲೆ, ಅಂದರೆ ಡಬ್ಲ್ಯೂಟಿಐ, ನಿರ್ಧಾರ ಆಗುವುದು ಅಲ್ಲಿಗೆ ತಲುಪಿಸಿದ ತೈಲಕ್ಕೆ. ಆ ಹೊತ್ತಿಗೆ ಕೆನಡಾದಿಂದ, ನಾರ್ತ್ ಡಕೋಟಾದಿಂದ ತೈಲ ಧಾರಾಳವಾಗಿ ಬಂದು ಕುಶಿಂಗ್‌ನಲ್ಲಿ ತುಂಬಿಕೊಳ್ಳುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ, ಸಮುದ್ರದ ಕಡೆ ಹೋಗಲು ಸಾಕಷ್ಟು ಪೈಪ್‌ಲೈನ್ ಇರಲಿಲ್ಲ. ತೈಲ ಸಿಕ್ಕಿಹಾಕಿಕೊಂಡಿತು. ಬೆಲೆ ಬಿತ್ತು. ಒಂದು ಹಂತದಲ್ಲಿ ಬ್ರೆಂಟ್‌ಗಿಂತ ಬ್ಯಾರಲ್‌ಗೆ 20 ಡಾಲರ್‌ಗೂ ಜಾಸ್ತಿ ಅಗ್ಗ. ಬ್ಯಾರಲ್ ಅಂದರೆ 159 ಲೀಟರ್, ಅಂದರೆ ಆ ಅಂತರ ಸಣ್ಣದಲ್ಲ. ಸರಿ, ಹಾಗಾದರೆ ಸುತ್ತಲಿನ ಮಧ್ಯ ರಾಜ್ಯಗಳಲ್ಲಿ ಪೆಟ್ರೋಲ್ ಸಿಕ್ಕಾಪಟ್ಟೆ ಅಗ್ಗ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಯಾಕೆಂದರೆ ಅಲ್ಲಿನ ರಿಫೈನರಿಗಳು ಎಷ್ಟೇ ದುಡಿದರೂ ಆ ಪ್ರದೇಶದ ಬೇಡಿಕೆ ಪೂರ್ತಿ ತುಂಬುತ್ತಿರಲಿಲ್ಲ. ಕೊರತೆಯಾದ ಪೆಟ್ರೋಲ್ ಮೆಕ್ಸಿಕೋ ಕೊಲ್ಲಿಯ ತೀರದಿಂದ ಬರಬೇಕಿತ್ತು, ಅದು ಜಾಗತಿಕ ಬೆಲೆಯ ತೈಲದಿಂದ ತಯಾರಾದದ್ದು. ಹೊರಗಿಂದ ಬಂದ ಆ ಕೊನೆಯ ಲೀಟರ್‌ನ ಬೆಲೆಗೇ ಒಳಗಿನ ಎಲ್ಲ ಲೀಟರ್‌ಗಳೂ ಮಾರಾಟವಾದವು. ಅಗ್ಗದ ತೈಲದ ಲಾಭ ರಿಫೈನರಿಗಳ ಪಾಲಾಯಿತು. ಬಂಕಿಗೆ ಬಂದವನಿಗೆ ಏನೂ ಸಿಗಲಿಲ್ಲ. 2012ರಲ್ಲಿ ಸೀವೇ ಅನ್ನುವ ಪೈಪ್‌ಲೈನಿನ ಹರಿವನ್ನೇ ತಿರುಗಿಸಿ ತೈಲವನ್ನು ದಕ್ಷಿಣಕ್ಕೆ ಸಾಗಿಸಲು ಶುರು ಮಾಡಿದರು, ಆಮೇಲೆ ಇನ್ನಷ್ಟು ಪೈಪ್‌ಲೈನ್ ಬಂದವು, ಅಂತರ ಕರಗುತ್ತಾ ಬಂತು.

ಅದೇ ಕುಶಿಂಗ್‌ನಲ್ಲಿ 2020ರ ಏಪ್ರಿಲ್ 20ರಂದು ತೈಲದ ವಾಯಿದೆ ಬೆಲೆ, ಅಂದರೆ ಮುಂದೆ ತಲುಪಿಸುವ ತೈಲಕ್ಕೆ ಈಗಲೇ ಕಟ್ಟುವ ಬೆಲೆ, ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ಗೆ ಇಳಿದಿತ್ತು. ಕೊರೊನಾ ಕಾಲ, ಕೊಳ್ಳುವವರಿಲ್ಲ, ತುಂಬಿಡಲು ಟ್ಯಾಂಕ್ ಖಾಲಿ ಇಲ್ಲ. ಹಡಗಿನಲ್ಲಿ ಎಲ್ಲಿಗಾದರೂ ಹೋಗಬಹುದಾದ ಬ್ರೆಂಟ್ ತೈಲ ಅದೇ ದಿನ 25 ಡಾಲರ್ ಆಸುಪಾಸಿನಲ್ಲಿತ್ತು. ಸಮುದ್ರದ ದಾರಿ ಇರುವುದಕ್ಕೂ ಇಲ್ಲದಿರುವುದಕ್ಕೂ ಅಷ್ಟು ಅಂತರ.

ದಾರಿಯ ಮಾತು ಬಂದ ಮೇಲೆ ಕಲೋನಿಯಲ್ ಪೈಪ್‌ಲೈನ್ ಬಗ್ಗೆ ಹೇಳಲೇಬೇಕು. ಹ್ಯೂಸ್ಟನ್‌ನಿಂದ ನ್ಯೂಯಾರ್ಕ್ ಬಂದರಿನವರೆಗೆ, ಕವಲುಗಳೆಲ್ಲ ಸೇರಿ ಸುಮಾರು 8,850 ಕಿಲೋಮೀಟರ್. ಅಮೆರಿಕದ ಅರ್ಧಕ್ಕಿಂತ ಜಾಸ್ತಿ ರಿಫೈನರಿ ಸಾಮರ್ಥ್ಯ ಕೊಲ್ಲಿಯ ತೀರದಲ್ಲಿದೆ, ಜನ ತುಂಬಿರುವುದು ಪೂರ್ವ ತೀರದಲ್ಲಿ. ಎರಡನ್ನೂ ಜೋಡಿಸುವ ದೊಡ್ಡ ದಾರಿ ಇದು. ಪೂರ್ವ ತೀರದ ಇಂಧನದಲ್ಲಿ ಶೇ 45ರಷ್ಟು ಇದರಲ್ಲೇ ಹೋಗುತ್ತದೆ. ಒಳಗೆ ಪೆಟ್ರೋಲ್ ಹರಿಯುವ ವೇಗ ಮನುಷ್ಯ ನಡೆಯುವಷ್ಟೇ, ಗಂಟೆಗೆ 5ರಿಂದ 8 ಕಿಲೋಮೀಟರ್. ಹಾಗಾಗಿ ಹ್ಯೂಸ್ಟನ್‌ನಲ್ಲಿ ಪೈಪಿಗೆ ಬಿಟ್ಟದ್ದು ನ್ಯೂಯಾರ್ಕ್ ಮುಟ್ಟಲು ಎರಡೂವರೆ ವಾರ ಬೇಕು. ಪೈಪ್ ಇರುವಾಗ ಸಾಗಣೆ ಖರ್ಚು ಗ್ಯಾಲನ್‌ಗೆ ಕೆಲವೇ ಸೆಂಟ್, ಆದ್ದರಿಂದ ದಾರಿಯುದ್ದಕ್ಕೂ ಬೆಲೆಗಳು ಒಂದಕ್ಕೊಂದು ಹತ್ತಿರ ಇರುತ್ತವೆ. ಪೈಪ್ ನಿಂತರೆ ಆಗ ನೋಡಿ. 2021ರ ಮೇ 7ರಂದು ಹ್ಯಾಕರ್‌ಗಳು ಆ ಕಂಪನಿಯ ಕಂಪ್ಯೂಟರ್‌ಗಳನ್ನು ಒತ್ತೆ ಇಟ್ಟುಕೊಂಡರು, ಕಂಪನಿ ಪೈಪ್‌ಲೈನನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು ಮೇ 12ಕ್ಕೆ. ಅಷ್ಟರಲ್ಲಿ ಆಗ್ನೇಯ ರಾಜ್ಯಗಳಲ್ಲಿ ಸಾವಿರಾರು ಬಂಕ್ ಖಾಲಿ. ಟೆಕ್ಸಾಸ್‌ನಲ್ಲಿ ಪೆಟ್ರೋಲ್‌ಗೆ ಬರ ಇರಲಿಲ್ಲ, ಕಚ್ಚಾ ತೈಲಕ್ಕೂ ಬರ ಇರಲಿಲ್ಲ. ದಾರಿ ಮುಚ್ಚಿತ್ತು, ಅಷ್ಟೇ.

ಹಡಗಿನಲ್ಲಿ ಕಳಿಸಬಹುದಲ್ಲ ಅನ್ನಬಹುದು. ಇಲ್ಲಿ 1920ರ ಒಂದು ಕಾನೂನು ಅಡ್ಡ ಬರುತ್ತದೆ, ಜೋನ್ಸ್ ಕಾಯ್ದೆ ಅಂತ ಕರೆಯುತ್ತಾರೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಮೆರಿಕದವರದ್ದೇ ಆಗಿರಬೇಕು, ಸಿಬ್ಬಂದಿಯೂ ಬಹುಪಾಲು ಅಲ್ಲಿನವರೇ. ಅಂಥ ಟ್ಯಾಂಕರ್ ಹಡಗುಗಳು ಕಡಿಮೆ, ಬಾಡಿಗೆ ವಿದೇಶಿ ಹಡಗಿಗಿಂತ ಬಹಳ ಜಾಸ್ತಿ. ಪರಿಣಾಮ ಏನು ಗೊತ್ತಾ? ಕೊಲ್ಲಿ ತೀರದ ಪೆಟ್ರೋಲ್ ಮೆಕ್ಸಿಕೋಗೆ, ಲ್ಯಾಟಿನ್ ಅಮೆರಿಕಕ್ಕೆ ರಫ್ತಾಗುತ್ತದೆ. ಅದೇ ಹೊತ್ತಿಗೆ ಈಶಾನ್ಯ ರಾಜ್ಯಗಳು ಯುರೋಪಿನಿಂದ ಪೆಟ್ರೋಲ್ ತರಿಸಿಕೊಳ್ಳುತ್ತವೆ. ಕತ್ರಿನಾ, ಸ್ಯಾಂಡಿ, ಹಾರ್ವಿ ಥರದ ಚಂಡಮಾರುತ ಬಂದಾಗ ಸರ್ಕಾರ ಈ ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಕೊಟ್ಟಿದ್ದಿದೆ. ತುರ್ತಿಗೆ ಸಡಿಲಿಸಬೇಕಾಗುತ್ತದೆ ಅಂದರೆ ಉಳಿದ ದಿನಗಳಲ್ಲೂ ಅದರ ಭಾರ ಯಾರೋ ಹೊರುತ್ತಿದ್ದಾರೆ ಅಂತಲೇ ಅರ್ಥ. ಹಡಗು ಕಟ್ಟುವವರ ಕೆಲಸ, ದೇಶದ ರಕ್ಷಣೆ ಅಂತ ಕಾಯ್ದೆಯ ಪರ ವಾದ ಇದೆ, ಅದನ್ನು ತಳ್ಳಿಹಾಕಲಾಗದು. ಆದರೆ ಅದರ ಖರ್ಚು ದ್ವೀಪದವರ, ತೀರದವರ ಬಂಕ್ ಬಿಲ್ಲಿನಲ್ಲಿ ಕಾಣದ ಹಾಗೆ ಸೇರಿಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ದ್ವೀಪ ಅಂದಾಗ ಹವಾಯಿ ನೆನಪಾಗುತ್ತದೆ. ದೇಶದ ಅತಿ ದುಬಾರಿ ಪೆಟ್ರೋಲ್ ಸಿಗುವ ರಾಜ್ಯಗಳಲ್ಲಿ ಅದು ಸದಾ ಮುಂದೆ. ಅಲ್ಲಿನವರು ಒಮ್ಮೆ ಕಾನೂನಿನಿಂದಲೇ ಬೆಲೆ ಕಟ್ಟಿಹಾಕಲು ನೋಡಿದರು. 2005ರ ಸೆಪ್ಟೆಂಬರ್ 1ರಿಂದ ಸಗಟು ಬೆಲೆಗೆ ಮಿತಿ. ಆ ಮಿತಿಯನ್ನು ಮುಖ್ಯಭೂಮಿಯ ಮೂರು ಮಾರುಕಟ್ಟೆಗಳ ಸಗಟು ಬೆಲೆಗೆ ಗಂಟು ಹಾಕಿದ್ದರು. ಅದಕ್ಕೆ ಮೂರು ದಿನ ಮೊದಲು ಕತ್ರಿನಾ ಕೊಲ್ಲಿ ತೀರಕ್ಕೆ ಅಪ್ಪಳಿಸಿತ್ತು, ಅಲ್ಲಿ ಬೆಲೆ ಏರಿತು, ಅದರ ಜೊತೆಗೇ ಹವಾಯಿಯ ಮಿತಿಯೂ ಏರಿತು. ಸಾವಿರಾರು ಕಿಲೋಮೀಟರ್ ದೂರದ ಚಂಡಮಾರುತಕ್ಕೆ ಇಲ್ಲಿನ ಮಿತಿ ಮೇಲೇರಿದ ಮೇಲೆ ಕಾನೂನಿನ ಮೇಲೆ ಜನರಿಗೆ ನಂಬಿಕೆ ಉಳಿಯುವುದು ಕಷ್ಟ. 2006ರ ಮೇ ತಿಂಗಳಲ್ಲಿ ಅದನ್ನು ಅಮಾನತು ಮಾಡಿದರು.

ಇನ್ನು ಎಲ್ಲರೂ ಮರೆಯುವ ವಿಷಯ: ಪೆಟ್ರೋಲ್ ಎಲ್ಲ ಕಡೆ ಒಂದೇ ಅಲ್ಲ. ಬಿಸಿಲಿಗೆ ಪೆಟ್ರೋಲ್ ಆವಿಯಾಗುತ್ತದೆ, ಆ ಆವಿ ಬಿಸಿಲಿನಲ್ಲಿ ಬೇರೆ ಅನಿಲಗಳ ಜೊತೆ ಸೇರಿ ಹೊಗೆಮಂಜು ಕಟ್ಟುತ್ತದೆ, ಮಕ್ಕಳು ಮುದುಕರು ಉಸಿರಾಟಕ್ಕೆ ಒದ್ದಾಡುತ್ತಾರೆ. ಅದಕ್ಕೇ ಅಮೆರಿಕದಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬಂಕ್‌ಗಳಲ್ಲಿ ಬೇಗ ಆವಿಯಾಗದ ಬೇಸಿಗೆ ಪೆಟ್ರೋಲನ್ನೇ ಮಾರಬೇಕು. ಚಳಿಗಾಲದಲ್ಲಿ ಬ್ಯೂಟೇನ್ ಅನ್ನುವ, ಬೇಗ ಆವಿಯಾಗುವ ವಸ್ತುವನ್ನು ಧಾರಾಳವಾಗಿ ಬೆರೆಸಬಹುದು. ಬ್ಯೂಟೇನ್ ಅಗ್ಗ, ಪೆಟ್ರೋಲಿನ ಪ್ರಮಾಣವನ್ನೂ ಹಿಗ್ಗಿಸುತ್ತದೆ. ಬೇಸಿಗೆಯಲ್ಲಿ ಅದನ್ನು ತೆಗೆಯಬೇಕು, ಖರ್ಚು ಜಾಸ್ತಿ. ಇದರ ಮೇಲೆ ಹೊಗೆ ಜಾಸ್ತಿ ಇರುವ ನಗರಗಳಿಗೆ ಇನ್ನೂ ಬಿಗಿಯಾದ ನಿಯಮ, 1990ರ ಕಾನೂನು ತಿದ್ದುಪಡಿಯಿಂದ ಬಂದದ್ದು, 1995ರಲ್ಲಿ ಜಾರಿಯಾದದ್ದು. ಕೆಲವು ರಾಜ್ಯಗಳು ಪೆಟ್ರೋಲಿಗೆ ತಮ್ಮದೇ ಪಾಕ, ಅಂದರೆ ಏನನ್ನು ಎಷ್ಟು ಬೆರೆಸಬೇಕು ಅನ್ನುವ ನಿಯಮ, ಮಾಡಿಕೊಂಡವು. ಇಂಥ ವಿಶೇಷ ಪಾಕಗಳು ಮಿತಿ ಮೀರಿ ಹೆಚ್ಚಬಾರದು ಅಂತ 2005ರಲ್ಲಿ ಕೇಂದ್ರವೇ ಒಂದು ತಡೆ ಹಾಕಬೇಕಾಯಿತು.

ಪಾಕ ಬೇರೆ ಆದರೆ ಏನಾಗುತ್ತದೆ? ನಿಮ್ಮಲ್ಲಿ ಕೊರತೆ ಬಿದ್ದಾಗ ಪಕ್ಕದವರ ಪೆಟ್ರೋಲ್ ತಂದು ಸುರಿಯಲು ಆಗುವುದಿಲ್ಲ. ಅರಿಝೋನಾದ ಫೀನಿಕ್ಸ್ ನಗರಕ್ಕೆ ಇದೇ ಆಯಿತು. ಅಲ್ಲಿಗೆ ಪಶ್ಚಿಮದಿಂದ ಒಂದು ಪೈಪ್, ಪೂರ್ವದಿಂದ ಒಂದು ಪೈಪ್, ಪೆಟ್ರೋಲಿಗೆ ಅವರದ್ದೇ ವಿಶೇಷ ಪಾಕ. 2003ರ ಜುಲೈ ಕೊನೆಯಲ್ಲಿ ಟೂಸಾನ್ ಹತ್ತಿರ ಪೂರ್ವದ ಪೈಪ್ ಒಡೆಯಿತು. ಆಗಸ್ಟ್‌ನಲ್ಲಿ ಆ ಸುಡುಬಿಸಿಲಿನಲ್ಲಿ ಬಂಕ್‌ಗಳ ಮುಂದೆ ಕಾರುಗಳ ಸಾಲು.

ಕ್ಯಾಲಿಫೋರ್ನಿಯಾ ಇದರ ದೊಡ್ಡ ರೂಪ. ಪೂರ್ವಕ್ಕೆ ಬೆಟ್ಟ, ಮರುಭೂಮಿ. ಕೊಲ್ಲಿ ತೀರದಿಂದ ಅಲ್ಲಿಗೆ ಪೆಟ್ರೋಲ್ ತರುವ ಪೈಪ್‌ಲೈನ್ ಇಲ್ಲ. ಬದಲಿಗೆ ಅಲ್ಲಿಂದಲೇ ನೆವಾಡಾಗೆ, ಅರಿಝೋನಾಗೆ ಪೈಪ್ ಹೋಗುತ್ತದೆ. ಪಾಕ ದೇಶದಲ್ಲೇ ಅತಿ ಬಿಗಿ, ಬೇಸಿಗೆಯ ಅವಧಿಯೂ ಉಳಿದವರಿಗಿಂತ ಉದ್ದ. ಸ್ಥಳೀಯವಾಗಿ ಒಂದು ರಿಫೈನರಿ ಕೆಟ್ಟರೆ ಕೊನೆಯ ಲೀಟರ್ ಎಲ್ಲಿಂದ ಬರಬೇಕು? ಏಷ್ಯಾದಿಂದ ಹಡಗಿನಲ್ಲಿ, ಆ ಪಾಕಕ್ಕೆ ಹೊಂದುವಂಥದ್ದು, ವಾರಗಟ್ಟಲೆ ಕಾದು. 2015ರ ಫೆಬ್ರವರಿ 18ರಂದು ಟಾರೆನ್ಸ್‌ನ ರಿಫೈನರಿಯಲ್ಲಿ ಸ್ಫೋಟ ಆಯಿತು. ಬೆಲೆ ಜಿಗಿಯಿತು. ಅದೇ ಸಮಯದಲ್ಲಿ ಜಗತ್ತಿನ ತೈಲ ಬೆಲೆ ಹಿಂದಿನ ವರ್ಷಕ್ಕಿಂತ ಎಷ್ಟೋ ಕಡಿಮೆ ಇತ್ತು, ಪೂರ್ವದ ರಾಜ್ಯಗಳವರು ಅಗ್ಗದ ಪೆಟ್ರೋಲ್ ತುಂಬಿಸಿಕೊಳ್ಳುತ್ತಿದ್ದರು. ಒಂದೇ ಒಂದು ರಿಫೈನರಿಯ ಕಥೆ ಮಧ್ಯ ಪ್ರಾಂತ್ಯದಲ್ಲೂ ನಡೆದಿದೆ. ಅದೇ 2015ರ ಆಗಸ್ಟ್‌ನಲ್ಲಿ ಇಂಡಿಯಾನಾದ ವೈಟಿಂಗ್ ರಿಫೈನರಿಯ ದೊಡ್ಡ ಘಟಕ ನಿಂತಾಗ ಶಿಕಾಗೋ ಸುತ್ತಲಿನ ಬೆಲೆ ರಾತ್ರೋರಾತ್ರಿ ಏರಿತು. ಆದರೆ ಅಲ್ಲಿಗೆ ಕೊಲ್ಲಿಯಿಂದ ಪೈಪ್ ಇದೆ, ಪಾಕವೂ ಬಹುಪಾಲು ಹೊಂದುತ್ತದೆ. ಕೆಲವೇ ವಾರದಲ್ಲಿ ಇಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಆಗಲಿಲ್ಲ.

ಆ ಸ್ಫೋಟದ ನಂತರ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸೆವೆರಿನ್ ಬೋರೆನ್‌ಸ್ಟೈನ್ ಒಂದು ವಿಷಯ ಗಮನಿಸಿದರು. ಕ್ಯಾಲಿಫೋರ್ನಿಯಾದ ಹೆಚ್ಚುವರಿ ತೆರಿಗೆ ಕಳೆಯಿರಿ, ಪರಿಸರ ಶುಲ್ಕಗಳನ್ನು ಕಳೆಯಿರಿ, ವಿಶೇಷ ಪಾಕದ ಖರ್ಚೂ ಕಳೆಯಿರಿ. ಆದರೂ ಉಳಿದ ದೇಶಕ್ಕಿಂತ ಬೆಲೆ ಜಾಸ್ತಿಯೇ ಉಳಿಯುತ್ತದೆ, ಮೊದಲು ಇಲ್ಲದ ಅಂತರ ಅದು. ಅದನ್ನು ಅವರು ನಿಗೂಢ ಹೆಚ್ಚುವರಿ ಅಂತ ಕರೆದರು. ಕಾರಣದ ಬಗ್ಗೆ ಜಗಳ ಇವತ್ತಿಗೂ ಮುಗಿದಿಲ್ಲ. ನನಗೆ ಕಾಣುವುದು ಇಷ್ಟು: ಗೋಡೆ ಕಟ್ಟಿಕೊಂಡ ಮಾರುಕಟ್ಟೆಯಲ್ಲಿ ಮಾರುವವರು ಕೆಲವರೇ ಉಳಿದರೆ ಅವರಿಗೆ ಬೆಲೆ ಇಳಿಸುವ ಅವಸರ ಇರುವುದಿಲ್ಲ. ಹಾಗಂತ ಗೋಡೆಯೇ ತಪ್ಪು ಅಂತ ನಾನು ಹೇಳುವುದಿಲ್ಲ. ಲಾಸ್ ಏಂಜಲೀಸ್‌ನ ಗಾಳಿ ಒಂದು ಕಾಲದಲ್ಲಿ ಕಣ್ಣು ಉರಿಸುತ್ತಿತ್ತು, ಈಗಿನ ಗಾಳಿ ಅದಕ್ಕಿಂತ ಎಷ್ಟೋ ವಾಸಿ, ಆ ಪಾಕಕ್ಕೆ ಅದರಲ್ಲಿ ಪಾಲಿದೆ. ಶುದ್ಧ ಗಾಳಿಗೆ ಕೆಲವು ಸೆಂಟ್ ಕೊಡುವುದು ನ್ಯಾಯ. ಆ ನೆಪದಲ್ಲಿ ಬೇರೆಯವರು ಇನ್ನೊಂದಿಷ್ಟು ಸೆಂಟ್ ಎತ್ತಿಕೊಳ್ಳುವುದು ಅನ್ಯಾಯ. ಎರಡನ್ನೂ ಬೇರೆ ಮಾಡಿ ನೋಡಬೇಕು.

ದೂರದ ಖರ್ಚನ್ನು ಯಾರು ಹೊರಬೇಕು ಅನ್ನುವ ಪ್ರಶ್ನೆಗೆ ಬೇರೆ ಬೇರೆ ದೇಶ ಬೇರೆ ಬೇರೆ ಉತ್ತರ ಕೊಟ್ಟಿವೆ. ದಕ್ಷಿಣ ಆಫ್ರಿಕಾದಲ್ಲಿ ಪೆಟ್ರೋಲ್ ದರ ಸರ್ಕಾರದ್ದು, ಪ್ರತಿ ತಿಂಗಳ ಮೊದಲ ಬುಧವಾರ ಬದಲಾಗುತ್ತದೆ. ದೇಶವನ್ನು ವಲಯಗಳಾಗಿ ಹಂಚಿ, ಬಂದರಿನಿಂದ ದೂರ ಆದ ಹಾಗೆ ಸಾಗಣೆ ಖರ್ಚು ಕೂಡಿಸುತ್ತಾರೆ. ಸಮುದ್ರದ ಪಕ್ಕದ ಡರ್ಬನ್‌ಗಿಂತ ಒಳನಾಡಿನ ಜೋಹಾನ್ಸ್‌ಬರ್ಗ್‌ನಲ್ಲಿ ಜಾಸ್ತಿ. ಯಾವುದಕ್ಕೆ ಎಷ್ಟು ಅಂತ ಲೆಕ್ಕ ಪ್ರಕಟವಾಗುತ್ತದೆ. ನೈಜೀರಿಯಾ 1975ರಲ್ಲೇ ದೂರದ ಸಾಗಣೆ ಖರ್ಚನ್ನು ಸರಿತೂಗಿಸುವ ಒಂದು ಸಮೀಕರಣ ನಿಧಿ ಮಾಡಿ ಇಡೀ ದೇಶಕ್ಕೆ ಒಂದೇ ದರ ಇಡಲು ನೋಡಿತು, ಆದರೆ ದೂರದ ಊರುಗಳಲ್ಲಿ ಆ ದರ ಕಾಗದದ ಮೇಲೆ ಉಳಿದದ್ದೇ ಜಾಸ್ತಿ. ಬ್ರಿಟನ್ನಿನದ್ದು ಮೂರನೇ ದಾರಿ. 2012ರಿಂದ ಹೆಬ್ರಿಡೀಸ್, ಸಿಲ್ಲಿ ಥರದ ದ್ವೀಪಗಳ ಬಂಕ್‌ಗಳಿಗೆ ಲೀಟರ್‌ಗೆ 5 ಪೆನ್ಸ್ ಸುಂಕ ವಿನಾಯಿತಿ, 2015ರಿಂದ ಮುಖ್ಯಭೂಮಿಯ ಕೆಲವು ದೂರದ ಊರುಗಳಿಗೂ. ಮಾರುಕಟ್ಟೆ ಬೆಲೆ ಹಾಗೇ ಇರುತ್ತದೆ, ನೆರವು ಎಷ್ಟು ಅಂತ ಎಲ್ಲರಿಗೂ ಕಾಣುತ್ತದೆ. ನನಗೆ ಇದು ಇಷ್ಟ. ಬಸ್ಸಿಲ್ಲದ, ಆಸ್ಪತ್ರೆ ದೂರ ಇರುವ ಜಾಗದಲ್ಲಿ ಇರುವವರಿಗೆ ಗಾಡಿ ಶೋಕಿಯಲ್ಲ. ಅವರೇ ಲೀಟರ್‌ಗೂ ಜಾಸ್ತಿ ಕೊಡುತ್ತಾರೆ, ಲೀಟರ್ ಕೂಡ ಜಾಸ್ತಿ ಸುಡುತ್ತಾರೆ. ಆ ಎರಡು ಏಟನ್ನು ನಗರದಲ್ಲಿ ಕೂತು ಬೆಲೆ ನೀತಿ ಬರೆಯುವವರು ನೆನಪಿಡಬೇಕು.

ಒಂದೇ ಊರಿನ ಎರಡು ಬಂಕ್‌ಗಳ ನಡುವಿನ ವ್ಯತ್ಯಾಸ ಬೇರೆ ಥರದ್ದು. ಎರಡಕ್ಕೂ ಎಷ್ಟೋ ಸಲ ಒಂದೇ ಡಿಪೋದಿಂದ ಟ್ಯಾಂಕರ್ ಬಂದಿರುತ್ತದೆ, ಬ್ರಾಂಡ್ ಬೇರೆ ಅಂದರೆ ಲೋಡ್ ಮಾಡುವಾಗ ಬೆರೆಸುವ ರಾಸಾಯನಿಕ ಬೇರೆ, ಅಷ್ಟೇ. ವ್ಯತ್ಯಾಸ ಮಾಡುವುದು ಜಾಗದ ಬಾಡಿಗೆ, ಹೆದ್ದಾರಿಯ ಪಕ್ಕವೋ ಒಳರಸ್ತೆಯೋ, ಹತ್ತಿರದಲ್ಲಿ ಸೂಪರ್‌ಮಾರ್ಕೆಟ್‌ನವರ ಬಂಕ್ ಇದೆಯೋ ಇಲ್ಲವೋ. ಬಂಕ್ ನಡೆಸುವವರಿಗೆ ಒಂದು ಗ್ಯಾಲನ್‌ನಲ್ಲಿ ಕೈಗೆ ಉಳಿಯುವುದು ಕೆಲವೇ ಸೆಂಟ್, ಲಾಭ ಬರುವುದು ಅಂಗಡಿಯಲ್ಲಿ ಮಾರುವ ಕಾಫಿ ತಿಂಡಿಯಿಂದ. ಬೋರ್ಡ್ ನೋಡಿ ಬಂಕಿನ ಹುಡುಗರ ಮೇಲೆ ರೇಗುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಆದರೆ ಸಗಟು ಬೆಲೆ ಏರಿದಾಗ ಬಂಕಿನ ಬೆಲೆ ಬೇಗ ಏರುತ್ತದೆ, ಇಳಿದಾಗ ನಿಧಾನಕ್ಕೆ ಇಳಿಯುತ್ತದೆ. ಇದು ಜನರ ಭ್ರಮೆಯಲ್ಲ, ಎಷ್ಟೋ ದೇಶಗಳಲ್ಲಿ ಅಳೆದು ನೋಡಿದ್ದಾರೆ. ಇದನ್ನು ಹಿಡಿತಕ್ಕೆ ತರಲು ಮಾಡಿದ ಪ್ರಯತ್ನಗಳೂ ಇವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2001ರಿಂದ ಬಂಕ್‌ನವರು ಮರುದಿನದ ದರವನ್ನು ಹಿಂದಿನ ದಿನವೇ ಸರ್ಕಾರಕ್ಕೆ ತಿಳಿಸಬೇಕು, ಬೆಳಗ್ಗೆ 6ರಿಂದ 24 ಗಂಟೆ ಅದನ್ನು ಬದಲಿಸುವ ಹಾಗಿಲ್ಲ. ಆಸ್ಟ್ರಿಯಾದಲ್ಲಿ 2011ರಲ್ಲಿ ಬಂದ ನಿಯಮ ಪ್ರಕಾರ ಬೆಲೆ ಏರಿಸಬೇಕಾದರೆ ದಿನಕ್ಕೆ ಒಂದೇ ಸಲ, ಮಧ್ಯಾಹ್ನ 12ಕ್ಕೆ. ಇಳಿಸುವುದು ಯಾವಾಗ ಬೇಕಾದರೂ. ಜರ್ಮನಿ 2013ರಿಂದ ಪ್ರತಿ ಬಂಕಿನ ಪ್ರತಿ ಬದಲಾವಣೆಯನ್ನೂ ತಕ್ಷಣ ವರದಿ ಮಾಡಿಸುತ್ತಿದೆ, ಜನ ಅದನ್ನು ಮೊಬೈಲಿನಲ್ಲೇ ನೋಡುತ್ತಾರೆ.

ಕ್ಯಾಲಿಫೋರ್ನಿಯಾ 2023ರ ಮಾರ್ಚ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ರಿಫೈನರಿಗಳು ಪ್ರತಿ ತಿಂಗಳು ತಮ್ಮ ಲಾಭದ ಅಂತರದ ವಿವರ ಕೊಡಬೇಕು, ಮಾರುಕಟ್ಟೆಯ ಮೇಲೆ ಕಣ್ಣಿಡಲು ಒಂದು ಪ್ರತ್ಯೇಕ ವಿಭಾಗ, ಬೇಕೆಂದರೆ ಲಾಭಕ್ಕೆ ಮಿತಿ ಹಾಕಿ ದಂಡ ವಿಧಿಸುವ ಅಧಿಕಾರ. ಅಷ್ಟರಲ್ಲಿ 2024ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಒಂದು ರಿಫೈನರಿ ಮುಚ್ಚುವ ಸುದ್ದಿ ಬಂತು, 2025ರ ಏಪ್ರಿಲ್‌ನಲ್ಲಿ ಬೆನಿಶಿಯಾದ ಇನ್ನೊಂದರದ್ದು. ಒಳಗಿನ ಉತ್ಪಾದನೆ ತಗ್ಗಿದಷ್ಟೂ ಸಮುದ್ರ ದಾಟಿ ಬರುವ ಲೀಟರ್ ಜಾಸ್ತಿಯಾಗಬೇಕು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಇಂಧನ ಆಯೋಗ ಲಾಭದ ಮಿತಿಯನ್ನು ಐದು ವರ್ಷ ಮುಂದಕ್ಕೆ ಹಾಕಿತು. ಉಳಿದ ರಿಫೈನರಿಗಳೂ ಹೊರಟುಹೋದರೆ ಅನ್ನುವ ಭಯ ಅದಕ್ಕೆ ಕಾರಣ, ಆ ಭಯ ಸುಳ್ಳೇನಲ್ಲ. ಆದರೆ ತಿಂಗಳ ವರದಿಗಳನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಗ್ಯಾಲನ್‌ನ ಯಾವ ಸೆಂಟ್ ಸರ್ಕಾರಕ್ಕೆ, ಯಾವುದು ಹಡಗಿಗೆ, ಯಾವುದು ರಿಫೈನರಿಗೆ ಹೋಗುತ್ತಿದೆ ಅಂತ ಹಣ ಕೊಡುವವರಿಗೆ ಗೊತ್ತಾಗುವುದು ಸದ್ಯಕ್ಕೆ ಅದೊಂದರಿಂದಲೇ.